ಆರತಿ ಸಾಹಾ ಈಜಿದ 42 ಮೈಲಿ

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲು ಅತಿ ಕಿರಿದಾದ ಜಾಗದಲ್ಲಿ 21 ಮೈಲಿ ಅಗಲವಿದೆ. ನಮ್ಮ ಲೆಕ್ಕದಲ್ಲಿ ಸುಮಾರು 34 ಕಿಲೋಮೀಟರು. ಶಾಲೆಯ ಪಠ್ಯಪುಸ್ತಕದಲ್ಲಿ ಅದನ್ನು ನೀವು ಇಂಗ್ಲಿಷ್ ಕಡಲ್ಗಾಲುವೆ ಎಂದು ಓದಿರಬಹುದು. ಈಜುವವರು ಬರೀ ಚಾನಲ್ ಎನ್ನುತ್ತಾರೆ. 1959ರ ಸೆಪ್ಟೆಂಬರ್ 29ರಂದು ಕೋಲ್ಕತ್ತದ ಆರತಿ ಸಾಹಾ ಈ ಚಾನಲನ್ನು ಈಜಿ ದಾಟಿದರು. ಅವರಿಗೆ ಆಗ 19 ತುಂಬಿ ಐದೇ ದಿನವಾಗಿತ್ತು. ಅದಕ್ಕೆ ಮೊದಲು ಏಷ್ಯಾ ಖಂಡದ ಯಾವ ಹೆಣ್ಣುಮಗಳೂ ಆ ನೀರನ್ನು ದಾಟಿರಲಿಲ್ಲ. ಅಂದು ಅವರು ಈಜಿದ ದೂರ 42 ಮೈಲಿ ಎಂದು ದಾಖಲಾಗಿದೆ.

ಇಲ್ಲಿ ನೀವು ಒಂದು ಕ್ಷಣ ನಿಲ್ಲಬೇಕು. ಕಡಲಿನ ಅಗಲ 21 ಮೈಲಿಯಾದರೆ ಈಜಿದ್ದು 42 ಮೈಲಿ ಹೇಗೆ? ದಾರಿ ತಪ್ಪಿದರೇ? ಇಲ್ಲ. ಅಂಕಿ ತಪ್ಪೇ? ಅದೂ ಅಲ್ಲ. ಈ ಒಂದು ಪ್ರಶ್ನೆಗೆ ಉತ್ತರ ತಿಳಿದರೆ ಆರತಿ ಸಾಹಾ ಮಾಡಿದ್ದೇನು ಎಂಬುದು ನಿಮಗೆ ನಿಜವಾಗಿ ತಿಳಿದಂತೆ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಬರುತ್ತದೆ, ಮೊದಲಿಗರು ಎಂಬ ಪಟ್ಟದೊಂದಿಗೆ. ಆ ಸಾಲನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಅದರ ಹಿಂದಿನ ನೀರನ್ನು ಕಂಡವರು ಕಡಿಮೆ.

ನಾನು ಕೋಲ್ಕತ್ತದ ದಕ್ಷಿಣಕ್ಕಿರುವ ಕಸ್ಬಾದಲ್ಲಿ ವಾಸಿಸುತ್ತೇನೆ. ನೆರೆಹೊರೆಯ ಮಕ್ಕಳಿಗೆ ಈಜು ಹೇಳಿಕೊಡುವುದು ನನ್ನ ಕೆಲಸ. ಬೋಸ್‌ಪುಕುರ್, ರಾಜಡಾಂಗಾ ಕಡೆಯಿಂದ ಬರುವ ಈ ಮಕ್ಕಳಿಗೆ ಕೋನಿ ಗೊತ್ತು. ಕೋನಿ ಎಂದರೆ ಮೋತಿ ನಂದಿಯವರ ಬಂಗಾಳಿ ಕಾದಂಬರಿಯ ನಾಯಕಿ, ಗಂಗೆಯ ಘಾಟಿನಿಂದ ಎದ್ದು ಬಂದ ಬಡ ಈಜುಗಾರ್ತಿ. ಸೌಮಿತ್ರ ಚಟರ್ಜಿ ಅವಳ ಗುರುವಾಗಿ ನಟಿಸಿದ ಸಿನಿಮಾ ಕೂಡ ಇದೆ. ಒಳ್ಳೆಯ ಕಥೆ, ಮಕ್ಕಳು ಓದಲೇಬೇಕಾದದ್ದು. ಆದರೆ ಅದೇ ಉತ್ತರ ಕೋಲ್ಕತ್ತದ ಘಾಟಿನಿಂದ ಎದ್ದು ಚಾನಲ್‌ವರೆಗೆ ಹೋದ ನಿಜವಾದ ಹುಡುಗಿಯ ಹೆಸರು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಇದು ನನಗೆ ಬೇಸರದ ಸಂಗತಿ. ಆದ್ದರಿಂದ ಅವರಿಗೆ ಹೇಳಿಕೊಡುವ ಕ್ರಮದಲ್ಲೇ ನಿಮಗೂ ಹೇಳುತ್ತೇನೆ. ನಿಮಗೆ ಈಜು ಬರಬೇಕೆಂದಿಲ್ಲ. ಕಡಲನ್ನು ಚಿತ್ರದಲ್ಲಿ ಮಾತ್ರ ನೋಡಿದ್ದರೂ ಅಡ್ಡಿಯಿಲ್ಲ.

ಮೊದಲು ಈ ಆಟದ ನಿಯಮ ತಿಳಿಯೋಣ. ಚಾನಲ್ ಈಜುವವರು ಒಂದು ದೇಶದ ಒಣ ನೆಲದಿಂದ ಹೊರಟು ಇನ್ನೊಂದು ದೇಶದ ನೆಲದ ಮೇಲೆ, ನೀರಿನಿಂದ ಪೂರ್ತಿ ಹೊರಗೆ ಬಂದು ನಿಲ್ಲಬೇಕು. ಮೈಮೇಲೆ ಸಾಧಾರಣ ಈಜುಡುಗೆ, ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಇಷ್ಟೇ. ಮೈಯ ಶಾಖ ಹಿಡಿದಿಡುವ ಇಲ್ಲವೇ ತೇಲಲು ನೆರವಾಗುವ ಉಡುಪು ತೊಡುವಂತಿಲ್ಲ. ಪಕ್ಕದಲ್ಲಿ ಒಂದು ದೋಣಿ ಸಾಗುತ್ತದೆ. ಅದನ್ನು ನಡೆಸುವ ನಾವಿಕನಿಗೆ ಪೈಲಟ್ ಎನ್ನುತ್ತಾರೆ. ಈಜುವವರ ತಲೆ ನೀರಿನ ಮಟ್ಟದಲ್ಲಿರುತ್ತದೆ, ಅವರಿಗೆ ದಡ ಕಾಣುವುದಿಲ್ಲ. ದಾರಿ ಹೇಳುವವನು ಪೈಲಟ್. ಆದರೆ ಆ ದೋಣಿಯನ್ನು ಮುಟ್ಟುವಂತಿಲ್ಲ. ಯಾರ ಕೈಯನ್ನೂ ಹಿಡಿಯುವಂತಿಲ್ಲ. ಒಮ್ಮೆ ಮುಟ್ಟಿದರೆ ಅಲ್ಲಿಗೆ ಈಜು ಮುಗಿಯಿತು. ಆಹಾರವನ್ನು ಕೂಡ ಕೋಲಿನ ತುದಿಗೆ ಕಟ್ಟಿಯೋ ಹಗ್ಗದಲ್ಲಿ ಇಳಿಬಿಟ್ಟೋ ಕೊಡುತ್ತಾರೆ. ಈಜುವವರು ನೀರಿನಲ್ಲೇ ಕಾಲಾಡಿಸುತ್ತ, ಎರಡು ಗುಟುಕು ಬಿಸಿ ದ್ರವ ಕುಡಿದು ಮತ್ತೆ ಮುಂದುವರಿಯಬೇಕು.

ಎರಡನೆಯ ವಿಷಯ ಚಳಿ. ಬೇಸಿಗೆಯ ಕೊನೆಯಲ್ಲಿ ಚಾನಲ್ ಅತ್ಯಂತ ಬೆಚ್ಚಗಿರುವಾಗ ಕೂಡ ನೀರಿನ ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್. ಅಷ್ಟು ಚಳಿಯಿರುವ ಗಾಳಿಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ನೀವು ಆರಾಮವಾಗಿ ಓಡಾಡುತ್ತೀರಿ. ಆದರೆ ಗಾಳಿಗಿಂತ ನೀರು ಮೈಯ ಶಾಖವನ್ನು ಎಷ್ಟೋ ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಮೊದಲು ಬೆರಳುಗಳು ಮರಗಟ್ಟುತ್ತವೆ. ಬಳಿಕ ನಡುಕ. ಅದರಾಚೆಗೆ ಮಾತು ತೊದಲುತ್ತದೆ, ಯೋಚನೆ ಮಸುಕಾಗುತ್ತದೆ. ಅದಕ್ಕಾಗಿಯೇ ದೋಣಿಯಲ್ಲಿರುವವರು ಆಗಾಗ ಪ್ರಶ್ನೆ ಕೇಳುತ್ತಾರೆ. ಒಂದು ನಿಮಿಷಕ್ಕೆ ಎಷ್ಟು ಸಲ ಕೈ ಬೀಸುತ್ತಿದ್ದಾರೆ ಎಂದು ಎಣಿಸುತ್ತಲೇ ಇರುತ್ತಾರೆ. ಲೆಕ್ಕ ಇಳಿಯತೊಡಗಿದರೆ ಅಪಾಯ ಹತ್ತಿರ ಬಂದಿದೆ ಎಂದರ್ಥ. ಹಿಂದಿನವರು ಮೈಗೆಲ್ಲ ದಪ್ಪಗೆ ಕೊಬ್ಬು ಬಳಿದುಕೊಂಡು ಇಳಿಯುತ್ತಿದ್ದರು. ಅದು ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಎಂಬ ಜಿಡ್ಡು. ಚಳಿ ತಡೆಯುತ್ತದೆ ಎಂಬುದು ಅವರ ನಂಬಿಕೆ. ನಿಜವಾಗಿ ಅದರ ದೊಡ್ಡ ಉಪಯೋಗ, ಉಪ್ಪುನೀರಿನಲ್ಲಿ ಕಂಕುಳು ಮತ್ತು ಕುತ್ತಿಗೆಯ ಚರ್ಮ ಉಜ್ಜಿ ಉಜ್ಜಿ ಹುಣ್ಣಾಗದಂತೆ ಕಾಯುವುದು.

ಈಗ ಮುಖ್ಯ ಪಾಠಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಕಡಲಿನ ನೀರು ಎರಡು ಬಗೆಯಲ್ಲಿ ಚಲಿಸುತ್ತದೆ. ಒಂದು ಅಲೆ, ಇನ್ನೊಂದು ಉಬ್ಬರವಿಳಿತ. ಅಲೆ ಗಾಳಿಯ ಕೂಸು. ದೂರದ ಕಡಲಿನಲ್ಲಿ ಗಾಳಿ ಬೀಸಿ ನೀರನ್ನು ಏಳಿಸುತ್ತದೆ, ಆ ಏರಿಳಿತ ಸಾಗಿ ಬಂದು ದಡದ ಹತ್ತಿರ ಆಳ ಕಡಿಮೆಯಾದಲ್ಲಿ ಮಗುಚಿ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಈಚೆಗೆ ಹೆಸರು ಮಾಡಿರುವ ಸರ್ಫಿಂಗ್ ಈ ಅಲೆಯ ಆಟ. ಹಲಗೆಯ ಮೇಲೆ ನಿಂತು, ಮಗುಚುವ ಅಲೆಯ ಇಳಿಜಾರಿನಲ್ಲಿ ಜಾರಿ ಬರುವುದು. ಮೂಲ್ಕಿಯಲ್ಲಿ ಆಶ್ರಮ ಮಾಡಿಕೊಂಡಿದ್ದ ಅಮೆರಿಕದ ಒಬ್ಬ ಸ್ವಾಮೀಜಿಯ ಸುತ್ತ ಭಾರತದ ಮೊದಲ ಸರ್ಫಿಂಗ್ ಕ್ಲಬ್ ಬೆಳೆಯಿತು. 2007ರಲ್ಲಿ ಮಣಿಪಾಲಕ್ಕೆ ಓದಲು ಬಂದ ಮುಂಬೈಯ ಇಶಿತಾ ಮಾಳವೀಯ ಆ ಕ್ಲಬ್ಬಿನಲ್ಲಿ ಕಲಿತು, ಭಾರತದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎನಿಸಿಕೊಂಡರು; ಉಡುಪಿಯ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ತಾವೇ ಕಲಿಸತೊಡಗಿದರು. ಕಡಲಿಗೆ ಇಳಿದ ಭಾರತದ ಹೆಣ್ಣುಮಕ್ಕಳೆಂದರೆ ಕನ್ನಡದ ಎಳೆಯರಿಗೆ ಈಗ ನೆನಪಾಗುವುದು ಅವರ ಹೆಸರು. ಆದರೆ ಅವರಿಗಿಂತ ಸುಮಾರು ಅರ್ಧ ಶತಮಾನ ಮೊದಲು ಆರತಿ ಕಡಲಿಗೆ ಇಳಿದಿದ್ದರು, ಅದೂ ಹಲಗೆಯಿಲ್ಲದೆ, ದಡದ ಆಸರೆಯಿಲ್ಲದೆ.

ಸರ್ಫರ್‌ಗೆ ಅಲೆ ಎಷ್ಟು ಮುಖ್ಯವೋ ಚಾನಲ್ ಈಜುವವರಿಗೆ ಉಬ್ಬರವಿಳಿತ ಅಷ್ಟು ಮುಖ್ಯ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಕಡಲಿನ ನೀರು ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಏರುವುದು ಉಬ್ಬರ ಅಥವಾ ಭರತ, ಇಳಿಯುವುದು ಇಳಿತ. ತೆರೆದ ದಡದಲ್ಲಿ ನಿಂತವರಿಗೆ ಇದು ನೀರು ಮೇಲೆ ಬಂದಂತೆ, ಕೆಳಗೆ ಹೋದಂತೆ ಮಾತ್ರ ಕಾಣುತ್ತದೆ. ಆದರೆ ಎರಡು ದೊಡ್ಡ ಕಡಲುಗಳ ನಡುವೆ ಇಕ್ಕಟ್ಟಾದ ದಾರಿಯಿದ್ದರೆ ಅಷ್ಟೂ ನೀರು ಆ ಇಕ್ಕಟ್ಟಿನಲ್ಲೇ ನುಗ್ಗಿ ಹೋಗಬೇಕು. ಚಾನಲ್‌ನ ಕಿರಿದಾದ ಭಾಗ ಅಂಥ ಜಾಗ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಉತ್ತರ ಸಮುದ್ರ. ಸುಮಾರು ಆರು ಗಂಟೆ ನೀರು ಈಶಾನ್ಯಕ್ಕೆ ಹರಿಯುತ್ತದೆ. ನಿಂತು, ತಿರುಗಿ, ಸುಮಾರು ಆರು ಗಂಟೆ ನೈಋತ್ಯಕ್ಕೆ ಹರಿಯುತ್ತದೆ. ಫ್ರಾನ್ಸಿನಿಂದ ಇಂಗ್ಲೆಂಡಿಗೆ ಹೋಗುವ ದಾರಿ ಈ ಹರಿವಿಗೆ ಅಡ್ಡಡ್ಡವಾಗಿದೆ.

ಮಳೆಗಾಲದಲ್ಲಿ ತುಂಬಿದ ಹೊಳೆಯನ್ನು ದೋಣಿಯಲ್ಲಿ ದಾಟಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಂಬಿಗ ಎದುರಿನ ಕಡವಿಗೆ ನೇರ ಮೂತಿ ಇಟ್ಟು ಹುಟ್ಟು ಹಾಕಿದರೂ ದೋಣಿ ಕೆಳಗಡೆಗೆ ಜಾರಿಕೊಂಡೇ ಆಚೆ ದಡ ಸೇರುತ್ತದೆ. ಚಾನಲ್‌ನಲ್ಲಿ ಆ ಹೊಳೆ ಅರ್ಧ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ ಎಂದು ಊಹಿಸಿಕೊಳ್ಳಿ. ಒಳ್ಳೆಯ ಈಜುಗಾರರ ವೇಗ ಗಂಟೆಗೆ ಮೂರು ಕಿಲೋಮೀಟರಿನ ಆಸುಪಾಸು. ಹರಿವು ಜೋರಾದ ದಿನ ನೀರಿನ ವೇಗ ಅದರ ಎರಡು ಪಟ್ಟಿಗೂ ಮಿಗಿಲು. ಅದಕ್ಕೆ ಎದುರಾಗಿ ಈಜುವುದು ಸಾಧ್ಯವೇ ಇಲ್ಲ. ಅಡ್ಡವಾಗಿ ಈಜುತ್ತಲೇ ಇರಬೇಕು. ನೀರು ಒಂದು ಸರದಿಯಲ್ಲಿ ಬಲಕ್ಕೆ ಹೊತ್ತೊಯ್ಯುತ್ತದೆ, ಮುಂದಿನ ಸರದಿಯಲ್ಲಿ ಎಡಕ್ಕೆ ತರುತ್ತದೆ. ಆ ದಾರಿಯನ್ನು ನಕ್ಷೆಯ ಮೇಲೆ ಎಳೆದರೆ ನೇರ ಗೆರೆ ಬರುವುದಿಲ್ಲ, ದೊಡ್ಡ ಅಂಕುಡೊಂಕು ಬರುತ್ತದೆ. ಆರತಿಯವರ 42 ಮೈಲಿ ಆ ಅಂಕುಡೊಂಕಿನ ಉದ್ದ. ಸುಮಾರು 68 ಕಿಲೋಮೀಟರು.

ಇನ್ನೊಂದು ಮೆಟ್ಟಿಲು ಬಾಕಿ ಇದೆ. ಈ ಹರಿವು ಎಲ್ಲ ದಿನವೂ ಒಂದೇ ಬಲದ್ದಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಸೆಳೆತ ಕೂಡಿಕೊಂಡು ಉಬ್ಬರ ದೊಡ್ಡದಾಗುತ್ತದೆ. ಅಷ್ಟಮಿಯ ಸುಮಾರಿಗೆ ಸೂರ್ಯ, ಚಂದ್ರ ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ ಉಬ್ಬರ ಸಣ್ಣದು, ಹರಿವು ಮೃದು. ಮಲ್ಪೆ, ಗಂಗೊಳ್ಳಿಯ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾನಲ್ ಈಜುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಅಷ್ಟಮಿಯ ಆಚೀಚಿನ ಈ ಮೃದುವಾದ ದಿನಗಳನ್ನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಆರತಿಯವರ ಬಳಿಗೆ ಹೋಗೋಣ.

ಅವರು ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು, ಕೋಲ್ಕತ್ತದ ಮಧ್ಯಮ ವರ್ಗದ ಮನೆಯಲ್ಲಿ. ಎರಡೂವರೆ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡರು. ಉತ್ತರ ಕೋಲ್ಕತ್ತದಲ್ಲಿ ಅಜ್ಜಿಯ ಆರೈಕೆಯಲ್ಲಿ ಬೆಳೆದರು. ನಾಲ್ಕನೆಯ ವಯಸ್ಸಿನಲ್ಲಿ ಚಿಕ್ಕಪ್ಪನ ಜೊತೆ ಚಾಂಪಾತಲಾ ಘಾಟಿಗೆ ಸ್ನಾನಕ್ಕೆ ಹೋಗುತ್ತ ನೀರಿನಲ್ಲಿ ಕೈಕಾಲು ಆಡಿಸಲು ಕಲಿತರು. ಘಾಟ್ ಎಂದರೆ ನದಿಗೆ ಇಳಿಯುವ ಮೆಟ್ಟಿಲ ಸಾಲು. ಇಲ್ಲಿ ಗಂಗೆಗೆ ಹೂಗ್ಲಿ ಎಂಬ ಹೆಸರು. ಕಡಲು ನೂರು ಕಿಲೋಮೀಟರಿಗೂ ಆಚೆ ಇದ್ದರೂ ಕಡಲಿನ ಉಬ್ಬರ ಕೋಲ್ಕತ್ತವನ್ನೂ ದಾಟಿ ಮೇಲಕ್ಕೆ ಹೋಗುತ್ತದೆ. ದಿನಕ್ಕೆ ಎರಡು ಸಲ ನದಿ ಹಿಮ್ಮುಖವಾಗಿ ಹರಿಯುತ್ತದೆ. ಬೆಳಗ್ಗೆ ಹತ್ತು ಮೆಟ್ಟಿಲು ಕಂಡ ಘಾಟಿನಲ್ಲಿ ಮಧ್ಯಾಹ್ನ ನಾಲ್ಕೇ ಕಾಣಬಹುದು. ಮಳೆಗಾಲದ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರದ ಮುಂಚೂಣಿ ಒಂದು ನೀರಗೋಡೆಯಾಗಿ ನದಿಯ ಮೇಲಕ್ಕೆ ಓಡಿ ಬರುವುದೂ ಉಂಟು. ಇಲ್ಲಿಯವರು ಅದಕ್ಕೆ ಬಾನ್ ಎನ್ನುತ್ತಾರೆ, ಆಗ ಘಾಟಿನಲ್ಲಿ ಇರುವವರನ್ನು ಕೂಗಿ ಮೇಲಕ್ಕೆ ಕರೆಯುತ್ತಾರೆ. ನಿಂತ ನೀರಿನ ಕೊಳದಲ್ಲಿ ಕಲಿತವರಿಗಿಂತ, ದಿಕ್ಕು ಬದಲಿಸುವ ಇಂಥ ನೀರಿನಲ್ಲಿ ಮೊದಲ ಪಾಠ ಕಲಿತ ಮಗುವಿಗೆ ನೀರಿನ ಸ್ವಭಾವ ಬೇರೆಯದೇ ರೀತಿಯಲ್ಲಿ ಪರಿಚಯವಾಗುತ್ತದೆ ಎಂದು ನಾನು ನಂಬುತ್ತೇನೆ.

ಮಗಳ ಆಸಕ್ತಿ ನೋಡಿ ತಂದೆ ಪಾಂಚುಗೋಪಾಲ್ ಸಾಹಾ ಅವಳನ್ನು ಹಾಟ್‌ಖೋಲಾ ಈಜು ಕ್ಲಬ್ಬಿಗೆ ಸೇರಿಸಿದರು. ಅಲ್ಲಿ ಸಚಿನ್ ನಾಗ್ ಅವರ ಮಾರ್ಗದರ್ಶನ ಸಿಕ್ಕಿತು. ಸಚಿನ್ ನಾಗ್ 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ನೂರು ಮೀಟರ್ ಈಜಿನ ಚಿನ್ನ ಗೆದ್ದವರು. 1946ರಲ್ಲಿ, ಐದು ವರ್ಷದ ಹುಡುಗಿಯಾಗಿದ್ದಾಗ ಆರತಿ ಮೊದಲ ಪಂದ್ಯ ಗೆದ್ದರು. ಅಲ್ಲಿಂದ ಮುಂದೆ ಪದಕಗಳ ಸಾಲೇ ಇದೆ, ಅದನ್ನು ಇಲ್ಲಿ ಎಣಿಸುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ: 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಭಾರತದಿಂದ ನಾಲ್ವರು ಮಹಿಳೆಯರು ಹೋಗಿದ್ದರು. ಓಟಕ್ಕೆ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜ, ಈಜಿಗೆ ಡಾಲಿ ನಜೀರ್ ಮತ್ತು ಆರತಿ ಸಾಹಾ. ಆರತಿಗೆ ಹನ್ನೆರಡು ಇನ್ನೂ ತುಂಬಿರಲಿಲ್ಲ. 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅವರು ಈಜಿದರು. ಎರಡು ಕೈಗಳನ್ನೂ ಒಟ್ಟಿಗೆ ಮುಂದೆ ಚಾಚಿ, ಅಗಲಿಸಿ, ಎರಡು ಕಾಲುಗಳನ್ನೂ ಒಟ್ಟಿಗೆ ಮಡಚಿ ಒದೆಯುವ ಈಜು ಅದು. ನಮ್ಮ ಊರುಗಳಲ್ಲಿ ಕಪ್ಪೆ ಈಜು ಎನ್ನುತ್ತೇವೆ. ಮೊದಲ ಸುತ್ತಿನಿಂದ ಮುಂದೆ ಹೋಗಲಾಗಲಿಲ್ಲ. ಹನ್ನೊಂದು ವರ್ಷದ ಹುಡುಗಿ ಅಷ್ಟು ದೂರ ಹೋಗಿ ಜಗತ್ತಿನ ಅತ್ಯುತ್ತಮರ ಪಕ್ಕದಲ್ಲಿ ನೀರಿಗೆ ಧುಮುಕಿ ಬಂದಳು ಎಂಬುದನ್ನು ಕಡಿಮೆ ಎನ್ನಲಾರೆ.

ಚಾನಲ್‌ನ ಯೋಚನೆ ಅವರಿಗೆ ಬಂದದ್ದು ಬ್ರಜೇನ್ ದಾಸ್ ಅವರಿಂದ. ಬ್ರಜೇನ್ ದಾಸ್ ಪೂರ್ವ ಬಂಗಾಳದವರು, ಅಂದರೆ ಇಂದಿನ ಬಾಂಗ್ಲಾದೇಶದವರು. 1958ರ ಆಗಸ್ಟಿನಲ್ಲಿ ಅವರು ಚಾನಲ್ ದಾಟಿ, ಹಾಗೆ ಮಾಡಿದ ಮೊದಲ ದಕ್ಷಿಣ ಏಷ್ಯಾದವರಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ವಕೀಲ ಮಿಹಿರ್ ಸೇನ್ ದಾಟಿದರು, ಭಾರತೀಯರಲ್ಲಿ ಮೊದಲಿಗರು. ಆರತಿ ಬ್ರಜೇನ್ ದಾಸ್ ಅವರಿಗೆ ಅಭಿನಂದನೆ ಕಳಿಸಿದರು. ನೀನೂ ಇದನ್ನು ಮಾಡಬಲ್ಲೆ ಎಂಬರ್ಥದ ಉತ್ತರ ಬಂತು. ಅಷ್ಟೇ ಅಲ್ಲ, ಮುಂದಿನ ವರ್ಷದ ಬಟ್ಲಿನ್ ಸ್ಪರ್ಧೆಗೆ ಅವರ ಹೆಸರನ್ನು ಬ್ರಜೇನ್ ದಾಸ್ ತಾವೇ ಸೂಚಿಸಿದರು. ಆ ಕಾಲದಲ್ಲಿ ಬಟ್ಲಿನ್ ಎಂಬ ಹೆಸರಿನಲ್ಲಿ ಹಲವು ದೇಶದವರು ಒಟ್ಟಿಗೆ ಚಾನಲ್ ಈಜುವ ಪಂದ್ಯ ನಡೆಯುತ್ತಿತ್ತು. ದೇಶ ಎರಡಾಗಿ ಹನ್ನೊಂದು ವರ್ಷವಾಗಿದ್ದ ಸಮಯ ಅದು. ಗಡಿಯ ಆಚೆಯ ಬಂಗಾಳಿಯೊಬ್ಬರು ಈಚೆಯ ಹುಡುಗಿಗಾಗಿ ಮುಂದಾಗಿ ಶಿಫಾರಸು ಮಾಡಿದ್ದು ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ಹಣ ಇರಲಿಲ್ಲ. ಹಾಟ್‌ಖೋಲಾ ಕ್ಲಬ್ಬಿನ ಡಾಕ್ಟರ್ ಅರುಣ್ ಗುಪ್ತಾ ಆರತಿಯವರ ಈಜಿನ ಪ್ರದರ್ಶನ ಏರ್ಪಡಿಸಿ ಚಂದಾ ಎತ್ತಿದರು. ಅದೂ ಸಾಲದಾದಾಗ ವಿಷಯ ಮುಖ್ಯಮಂತ್ರಿ ಬಿಧಾನ್‌ಚಂದ್ರ ರಾಯ್ ಅವರವರೆಗೆ ಹೋಗಿ, 11,000 ರೂಪಾಯಿ ಮಂಜೂರಾಯಿತು. ಇನ್ನು ಅಭ್ಯಾಸ. 1959ರ ಏಪ್ರಿಲ್ 13ರಂದು ಉತ್ತರ ಕೋಲ್ಕತ್ತದ ದೇಶಬಂಧು ಪಾರ್ಕಿನ ಕೊಳದಲ್ಲಿ ಅವರು ಎಂಟು ಗಂಟೆ ಬಿಡದೆ ಈಜಿದರು. ಸಾವಿರಾರು ಜನ ನೋಡಲು ನೆರೆದಿದ್ದರು. ಇನ್ನೊಮ್ಮೆ 16 ಗಂಟೆ ಈಜಿದರು. ಕೋಲ್ಕತ್ತದ ಏಪ್ರಿಲ್ ಎಂಥ ಬಿಸಿಲು ಎಂಬುದನ್ನು ಅನುಭವಿಸಿದವರೇ ಬಲ್ಲರು. ಕೊಳದ ಮೇಲ್ಪದರ ಉಗುರುಬೆಚ್ಚಗಿರುತ್ತದೆ. ಆದ್ದರಿಂದ ಆ ಅಭ್ಯಾಸ ತೋಳಿಗೆ ಸಾಕಿತ್ತು, ಚರ್ಮಕ್ಕೆ ಅಲ್ಲ. ಚಳಿಯ ಪಾಠ ಇಂಗ್ಲೆಂಡಿಗೆ ಹೋದ ಮೇಲೆಯೇ ಆಗಬೇಕಿತ್ತು. ಜುಲೈ 24ರಂದು ಹೊರಟರು. ಚಾನಲ್‌ನ ನೀರಿನಲ್ಲಿ ಕೊನೆಯ ಹಂತದ ತಾಲೀಮು ಶುರುವಾದದ್ದು ಆಗಸ್ಟ್ 13ಕ್ಕೆ. ಪಂದ್ಯ 27ಕ್ಕೆ. ನಡುವೆ ಉಳಿದದ್ದು ಎರಡು ವಾರ.

ಆಗಸ್ಟ್ 27 ಎಂದಾಗ ಪಂಚಾಂಗ ನೆನಪಿಸಿಕೊಳ್ಳಿ. ಆ ವರ್ಷದ ಶ್ರಾವಣ ಬಹುಳ ಅಷ್ಟಮಿ, ಅಂದರೆ ನಮ್ಮ ಗೋಕುಲಾಷ್ಟಮಿ ಅದಕ್ಕೆ ಹೊಂದಿಕೊಂಡೇ ಬಂದಿತ್ತು. ಹರಿವು ಮೃದುವಾಗಿರುವ ದಿನ. 23 ದೇಶಗಳ 58 ಈಜುಗಾರರು ಫ್ರಾನ್ಸಿನ ಕೇಪ್ ಗ್ರಿನೇ ಎಂಬ ಭೂಶಿರದ ಬುಡದಲ್ಲಿ ಸೇರಿದ್ದರು. ಅವರಲ್ಲಿ ಐವರು ಮಹಿಳೆಯರು. ಹೊರಡುವ ಹೊತ್ತು ಮಧ್ಯರಾತ್ರಿ ಕಳೆದು ಒಂದು ಗಂಟೆ. ಆ ಹೊತ್ತನ್ನು ಯಾರೋ ಸುಮ್ಮನೆ ಇಟ್ಟದ್ದಲ್ಲ. ನೀರು ಯಾವಾಗ ತಿರುಗುತ್ತದೆ, ಇಂಗ್ಲೆಂಡಿನ ದಡದ ಹತ್ತಿರ ಬರುವಾಗ ಯಾವ ಕಡೆಗೆ ಹರಿಯುತ್ತಿರಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕಿ ಇಟ್ಟ ಹೊತ್ತು. ಆದರೆ ಆರತಿಯವರಿಗೆ ಗೊತ್ತುಮಾಡಿದ್ದ ದೋಣಿ ಸಮಯಕ್ಕೆ ಬರಲಿಲ್ಲ. ಪೈಲಟ್ ಇಲ್ಲದೆ ನೀರಿಗೆ ಇಳಿಯುವಂತಿಲ್ಲ. ಅವರು ಹೊರಟದ್ದು 40 ನಿಮಿಷ ತಡವಾಗಿ.

40 ನಿಮಿಷ ಎಷ್ಟರದು ಎನಿಸಬಹುದು. ಮುಂದೇನಾಯಿತು ಎಂದು ನೋಡಿ. ಬೆಳಗ್ಗೆ 11ರ ಹೊತ್ತಿಗೆ ಅವರು 40 ಮೈಲಿಗೂ ಹೆಚ್ಚು ಈಜಿ ಇಂಗ್ಲೆಂಡಿನ ದಡಕ್ಕೆ ಐದು ಮೈಲಿ ದೂರದಲ್ಲಿದ್ದರು. ಅಲ್ಲಿ ನೀರು ಎದುರಾಯಿತು. ಸಂಜೆ 4ರವರೆಗೆ, ಐದು ಗಂಟೆ ಕೈ ಬೀಸಿ ಸಾಗಿದ್ದು ಸುಮಾರು ಎರಡು ಮೈಲಿ. ದಡಕ್ಕೆ ಮೂರು ಮೈಲಿ ಉಳಿದಿತ್ತು. ಪೈಲಟ್ ಇನ್ನು ಸಾಕು ಎಂದು ಒತ್ತಾಯಿಸಿದ ಮೇಲೆ ಅವರು ಈಜು ನಿಲ್ಲಿಸಬೇಕಾಯಿತು. ನೀರಿಗಿಳಿದು 14 ಗಂಟೆ ಮೀರಿತ್ತು. ಬಸ್ಸು ತಪ್ಪಿದರೆ ಮುಂದಿನ ಬಸ್ಸು ಸಿಗುತ್ತದೆ. ಕಡಲಿನಲ್ಲಿ ನೀರು ತಿರುಗುವ ಹೊತ್ತು ತಪ್ಪಿದರೆ ಅಷ್ಟೂ ಗಂಟೆಗಳ ದುಡಿಮೆ ಮೂರು ಮೈಲಿಯ ಮುಂದೆ ನಿಂತುಬಿಡುತ್ತದೆ.

ಸೋತ ಮೇಲೆ ಮನೆಗೆ ಹಿಂದಿರುಗುವುದು ಸುಲಭವಿತ್ತು. ಆದರೆ ಚಂದಾ ಹಣ, ಸರಕಾರದ ಹಣ, ಎಲ್ಲದರ ಲೆಕ್ಕ ಬೆನ್ನ ಮೇಲಿತ್ತು. ಅವರು ಹಿಂದಿರುಗಲಿಲ್ಲ. 33 ದಿನ ಕಳೆದು ಸೆಪ್ಟೆಂಬರ್ 29ರಂದು ಅದೇ ಕೇಪ್ ಗ್ರಿನೇಯಿಂದ ಮತ್ತೆ ನೀರಿಗಿಳಿದರು. ಈ ಸಲ ಪಂದ್ಯವಿಲ್ಲ, ಜೊತೆಗೆ ಈಜುವ ಉಳಿದ 57 ಜನರಿಲ್ಲ. ಪಂಚಾಂಗವೂ ಅಷ್ಟು ಅನುಕೂಲವಾಗಿರಲಿಲ್ಲ. ಅಕ್ಟೋಬರ್ 2ರಂದು ಅಮಾವಾಸ್ಯೆ. ಅಂದು ಪೂರ್ಣ ಸೂರ್ಯಗ್ರಹಣವೂ ಆಯಿತು. ಅಂದರೆ ಅವರು ಈಜಿದ್ದು ಅಷ್ಟಮಿ ದಾಟಿ ಅಮಾವಾಸ್ಯೆಯ ಕಡೆಗೆ ಸಾಗುವ, ಹರಿವಿನ ಬಲ ಏರುತ್ತ ಹೋಗುವ ದಿನಗಳಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಹಗಲು 12 ಗಂಟೆಗಿಂತ ಕಡಿಮೆ. ಅವರು ನೀರಿನಲ್ಲಿದ್ದದ್ದು 16 ಗಂಟೆ 20 ನಿಮಿಷ. ಕಳೆದು ನೋಡಿದರೆ ಕನಿಷ್ಠ ನಾಲ್ಕು ಗಂಟೆಗೂ ಹೆಚ್ಚು ಕಾಲ ಸೂರ್ಯನಿಲ್ಲದ ನೀರಿನಲ್ಲಿ ಈಜಿದ್ದಾರೆ. ಆರು ಗಂಟೆಯ ಲೆಕ್ಕದಲ್ಲಿ ಎರಡೂವರೆ ಸರದಿಗೂ ಹೆಚ್ಚು ಹರಿವನ್ನು ಉಂಡಿದ್ದಾರೆ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಈಗ ಆ 42 ಮೈಲಿ ನಿಮಗೆ ಒಗಟಾಗಿ ಉಳಿದಿಲ್ಲ.

ಇಂಗ್ಲೆಂಡಿನ ಸ್ಯಾಂಡ್‌ಗೇಟ್ ಎಂಬ ಊರಿನ ದಡದಲ್ಲಿ ಅವರು ಮೇಲೆ ಬಂದರು, ಭಾರತದ ಬಾವುಟ ಹಾರಿಸಿದರು. ಲಂಡನ್ನಿನಲ್ಲಿ ಆಗ ನಮ್ಮ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತರಿಂದ ಮೊದಲ ಅಭಿನಂದನೆ ಬಂತು. ಸೆಪ್ಟೆಂಬರ್ 30ರಂದು ಆಕಾಶವಾಣಿ ಸುದ್ದಿಯನ್ನು ಬಿತ್ತರಿಸಿತು. ಬಂಗಾಳದಲ್ಲಿ ಅದು ಮಹಾಲಯದ ವಾರ, ದುರ್ಗಾಪೂಜೆಯ ಬಾಗಿಲು. ಮನೆಮನೆಯಲ್ಲಿ ರೇಡಿಯೊ ಸಜ್ಜು ಮಾಡಿಟ್ಟುಕೊಳ್ಳುವ ದಿನಗಳಲ್ಲಿ ಈ ಸುದ್ದಿ ಬಂದು ತಲುಪಿತು.

1960ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕ್ರೀಡೆಗಾಗಿ ಆ ಗೌರವ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ಅರುಣ್ ಗುಪ್ತಾ ಅವರನ್ನು ಮದುವೆಯಾಗಿ, ರೈಲ್ವೆಯಲ್ಲಿ ನೌಕರಿ ಮಾಡಿ, ಮಗಳನ್ನು ಬೆಳೆಸಿ, 1994ರ ಆಗಸ್ಟ್ 23ರಂದು ಕಾಮಾಲೆ ಮತ್ತು ಮಿದುಳಿನ ಉರಿಯೂತದಿಂದ ತೀರಿಕೊಂಡರು. ಐವತ್ನಾಲ್ಕು ಕೂಡ ತುಂಬಿರಲಿಲ್ಲ. 1999ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಮೂರು ರೂಪಾಯಿಯ ಅಂಚೆಚೀಟಿ ಹೊರತಂದಿತು.

ಹಾಗಾದರೆ ಜನ ಅವರನ್ನು ಮರೆತದ್ದೇಕೆ? ನನಗೆ ತೋರುವ ಕಾರಣ ಹೇಳುತ್ತೇನೆ. ಓಟವನ್ನೋ ಕ್ರಿಕೆಟನ್ನೋ ಜನ ಕೂತು ನೋಡಬಹುದು. ಚಾನಲ್ ಈಜನ್ನು ನೋಡುವವರು ಒಂದು ದೋಣಿಯಲ್ಲಿ ಹಿಡಿಸುವಷ್ಟು ಜನ ಮಾತ್ರ. ಕ್ರೀಡಾಂಗಣವಿಲ್ಲ, ಕಣ್ಣಿಗೆ ಕಟ್ಟುವ ಕ್ಷಣವಿಲ್ಲ, ಹೇಳಲು ಉಳಿಯುವುದು ಗಂಟೆ ಮತ್ತು ಮೈಲಿ. ಆ ಅಂಕಿಗಳನ್ನು ಓದುವುದು ಹೇಗೆಂದು ಯಾರೂ ಹೇಳಿಕೊಡದಿದ್ದರೆ ಅವು ಸಾಮಾನ್ಯ ಜ್ಞಾನದ ಪುಸ್ತಕದಲ್ಲೇ ಉಳಿದುಹೋಗುತ್ತವೆ. ಅಮೆರಿಕದ ಗರ್ಟ್ರೂಡ್ ಎಡರ್ಲಿಯವರಿಗೂ ಬಹುಮಟ್ಟಿಗೆ ಹೀಗೆಯೇ ಆಯಿತು. 1926ರ ಆಗಸ್ಟ್ 6ರಂದು ಚಾನಲ್ ದಾಟಿದ ಮೊದಲ ಮಹಿಳೆ ಅವರು. ಅವರಿಗೆ ಮುನ್ನ ದಾಟಿದ್ದ ಐವರು ಗಂಡಸರ ಪೈಕಿ ಅತಿ ವೇಗದವರಿಗಿಂತಲೂ ಸುಮಾರು ಎರಡು ಗಂಟೆ ಬೇಗ ದಾಟಿದ್ದರು. ಹೆಣ್ಣಿನ ಮೈಗೆ ಇದು ಆಗದ ಕೆಲಸ ಎನ್ನುತ್ತಿದ್ದವರ ಮಾತು ಅಂದಿಗೆ ಮುಗಿಯಬೇಕಿತ್ತು. ಆರತಿಯವರ ಕಾಲಕ್ಕೂ ಅದು ಮುಗಿದಿರಲಿಲ್ಲ.

ಆರತಿಯವರ ದಾರಿಯಲ್ಲಿ ಬಂಗಾಳದಿಂದಲೇ ಮತ್ತೆ ಹೆಣ್ಣುಮಕ್ಕಳು ಹೋದರು. ಹೂಗ್ಲಿ ಜಿಲ್ಲೆಯ ಬೂಲಾ ಚೌಧುರಿ 1989ರಲ್ಲಿ ಒಮ್ಮೆ, 1999ರಲ್ಲಿ ಇನ್ನೊಮ್ಮೆ ಚಾನಲ್ ದಾಟಿದರು. 2017ರಲ್ಲಿ ಕಾಲ್ನಾ ಊರಿನ ಸಾಯನಿ ದಾಸ್ ದಾಟಿದರು. ಇವರಲ್ಲಿ ಯಾರ ಬಗ್ಗೆ ಓದುವಾಗಲೂ ಮೊದಲು ಮೂರು ವಿಷಯ ಹುಡುಕಿ: ಯಾವ ತಿಥಿಯ ಸುಮಾರಿಗೆ ಈಜಿದರು, ಎಷ್ಟು ಹೊತ್ತಿಗೆ ಹೊರಟರು, ಎಷ್ಟು ಗಂಟೆ ನೀರಿನಲ್ಲಿದ್ದರು. ಆ ಮೂರರಿಂದ ಅಂದಿನ ಕಡಲನ್ನು ನೀವೇ ಕಟ್ಟಿಕೊಳ್ಳಬಹುದು.

ಕೋಲ್ಕತ್ತಕ್ಕೆ ಬಂದರೆ ಚಾಂಪಾತಲಾ ಘಾಟಿಗೆ ಹೋಗಿ ಬನ್ನಿ. ಕಸ್ಬಾದಿಂದಾದರೆ ಗರಿಯಾಹಾಟ್ ದಾಟಿ ಕಾಳೀಘಾಟ್ ಮೆಟ್ರೊ ನಿಲ್ದಾಣಕ್ಕೆ ಬಂದು ಉತ್ತರದ ಕಡೆಯ ರೈಲು ಹತ್ತಬೇಕು, ಶೋಭಾಬಜಾರ್ ಸುತಾನುಟಿಯಲ್ಲಿ ಇಳಿದು ನದಿಯ ಕಡೆಗೆ ನಡೆಯಬೇಕು. ಅದೇ ಮೆಟ್ರೊದಲ್ಲಿ ಒಂದು ನಿಲ್ದಾಣ ಮುಂದೆ ಶ್ಯಾಮಬಜಾರ್; ಅಲ್ಲಿಂದ ದೇಶಬಂಧು ಪಾರ್ಕ್ ಹತ್ತಿರ. ಘಾಟಿಗೆ ಹೋಗುವ ಮುನ್ನ ಉಬ್ಬರದ ಸಮಯ ವಿಚಾರಿಸಿಕೊಳ್ಳಿ. ಇಲ್ಲಿ ಉಬ್ಬರಕ್ಕೆ ಜೋಯಾರ್, ಇಳಿತಕ್ಕೆ ಭಾಟಾ ಎನ್ನುತ್ತಾರೆ. ದೋಣಿಯವರನ್ನು ಕೇಳಿದರೆ ಗಡಿಯಾರ ನೋಡದೆ ಹೇಳುತ್ತಾರೆ. ನೀರಿಗೆ ಇಳಿಯಬೇಡಿ, ಮೇಲಿನ ಮೆಟ್ಟಿಲಲ್ಲೇ ಕುಳಿತುಕೊಳ್ಳಿ. ತೇಲಿ ಬರುವ ಅಂತರಗಂಗೆಯ ಒಂದು ಗೊಂಚಲನ್ನು ಆರಿಸಿಕೊಂಡು ಅದು ಯಾವ ಕಡೆಗೆ ಸಾಗುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ನೀರು ಮುಟ್ಟಿರುವ ಮೆಟ್ಟಿಲನ್ನು ಗುರುತು ಮಾಡಿಕೊಳ್ಳಿ. ಒಂದು ಗಂಟೆ ಬಿಟ್ಟು ಎರಡನ್ನೂ ಮತ್ತೆ ನೋಡಿ. ಸಾಧ್ಯವಾದರೆ ಇದನ್ನು ಅಷ್ಟಮಿಯ ಸುಮಾರಿಗೆ ಒಮ್ಮೆ, ಅಮಾವಾಸ್ಯೆ ಕಳೆದ ಮರುದಿನ ಇನ್ನೊಮ್ಮೆ ಮಾಡಿ, ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕರ್ನಾಟಕದಲ್ಲೇ ಇರುವವರು ಮಲ್ಪೆಯ ಬಂದರಿನಲ್ಲೋ ಕಾಳಿ ನದಿಯ ಅಳಿವೆಯಲ್ಲೋ ಇದೇ ಲೆಕ್ಕ ಹಾಕಬಹುದು.